‘ಆಗೋಯ್ತು’ ಇಂದ ‘ಮಾಡಿದೆ’ವರೆಗೆ: ಜೈಲಿನಲ್ಲಿ ಬದುಕಿನ ಕಥೆ ಕೇಳುವ ಆಪ್ತಸಮಾಲೋಚಕರಿಗೊಂದು ಸಮಗ್ರ ಮಾರ್ಗದರ್ಶಿ

“ಆಗಬಾರದ್ದು ಆಗೋಯ್ತು ಮೇಡಂ.”

ಜೈಲಿನಲ್ಲಿ ಆಪ್ತಸಮಾಲೋಚಕಿಯಾಗಿ ಕೂತ ಮೊದಲ ವಾರದಿಂದ ಇವತ್ತಿನವರೆಗೆ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಇದು. ಮಾಡಿದವರು ಯಾರು, ಯಾರಿಗೆ ಮಾಡಿದರು, ಎರಡೂ ಅದರಲ್ಲಿಲ್ಲ. ಮಳೆ ಬಂತು, ಕರೆಂಟು ಹೋಯ್ತು ಅನ್ನುವ ಹಾಗೆ ಕೊಲೆಯೂ ಆಗಿಹೋಗುತ್ತದೆ. ಶುರುವಿನಲ್ಲಿ ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. “ಆಗಿದ್ದಲ್ಲ, ನೀವು ಮಾಡಿದ್ದು” ಎಂದು ತಿದ್ದಿದ್ದೂ ಉಂಟು. ಹಾಗೆ ತಿದ್ದಿಸಿಕೊಂಡವರು ಮುಂದಿನ ವಾರ ಬರಲಿಲ್ಲ.

‘ಆಗೋಯ್ತು’ ಮತ್ತು ‘ಮಾಡಿದೆ’ ಎಂಬ ಎರಡು ಕ್ರಿಯಾಪದಗಳ ನಡುವಿನ ದಾರಿಯೇ ನಮ್ಮ ಕೆಲಸ. ಆ ದಾರಿಯನ್ನು ಅವರೇ ನಡೆಯಬೇಕು. ಎಳೆದುಕೊಂಡು ಹೋದರೆ ಅದು ಪೊಲೀಸ್ ಹೇಳಿಕೆಯಾಗುತ್ತದೆ, ಚಿಕಿತ್ಸೆಯಾಗುವುದಿಲ್ಲ. ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಅಥವಾ ಮನಃಶಾಸ್ತ್ರ ಓದಿ ಹೊಸದಾಗಿ ಜೈಲಿನ ಕೆಲಸಕ್ಕೆ ಬರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳಲ್ಲಿ ಊರು, ವಯಸ್ಸು, ಸಂಬಂಧದ ವಿವರಗಳನ್ನು ಬದಲಿಸಿದ್ದೇನೆ. ಒಬ್ಬರ ಕಥೆಯಂತೆ ಕಾಣುವುದರಲ್ಲಿ ಹಲವರ ಮಾತು ಸೇರಿದೆ.

ಕಥೆಗೇಕೆ ಇಷ್ಟು ಮಹತ್ವ ಎಂದು ಕೇಳಿದರೆ ನಾನು ಮೊದಲು ಹೇಳುವುದು ಲಿವರ್‌ಪೂಲ್‌ನ ಒಂದು ಅಧ್ಯಯನವನ್ನು. ಶಾಡ್ ಮರೂನಾ ಎಂಬ ಅಪರಾಧಶಾಸ್ತ್ರಜ್ಞ ಅಲ್ಲಿ ಅಪರಾಧ ಬಿಟ್ಟವರನ್ನೂ ಬಿಡದವರನ್ನೂ ಕೂರಿಸಿಕೊಂಡು ಅವರವರ ಬದುಕಿನ ಕಥೆ ಕೇಳಿದರು. 2001ರಲ್ಲಿ ಅದನ್ನು ಪ್ರಕಟಿಸಿದರು. ಬಡತನ, ಒಡೆದ ಮನೆ, ಅರ್ಧಕ್ಕೆ ನಿಂತ ಓದು ಎರಡೂ ಗುಂಪಿನಲ್ಲಿ ಇದ್ದವು. ಅವರನ್ನು ಬೇರೆ ಮಾಡಿದ್ದು ತಮ್ಮ ಕಥೆಯನ್ನು ಹೇಳಿಕೊಳ್ಳುವ ರೀತಿ. ಬಿಡದವರ ಕಥೆ ಚಿಕ್ಕಂದಿನಲ್ಲೇ ಬರೆದು ಮುಗಿದಿತ್ತು. ಮುಂದೆ ಅವರು ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಬಿಟ್ಟವರ ಕಥೆಯಲ್ಲಿ ಅದೇ ಕೆಟ್ಟ ಕಾಲದಿಂದ ಏನನ್ನೋ ಕಲಿತು ಇನ್ನೊಬ್ಬರಿಗೆ ಕೊಡುವ ಮನುಷ್ಯನೊಬ್ಬನಿದ್ದ. ಮೊದಲನೆಯ ಕಥೆಗೆ ನಮ್ಮಲ್ಲಿ ಒಂದೇ ಪದ ಸಾಕು: ಹಣೆಬರಹ.

ಹೆಜ್ಜೆ 1: ನೀವು ಯಾವ ಕುರ್ಚಿಯಲ್ಲಿ ಕೂತಿದ್ದೀರಿ ಎಂದು ತಿಳಿದುಕೊಳ್ಳಿ

ಕಥೆ ಕೇಳುವ ಮುಂಚೆ ಕಾನೂನು ಗೊತ್ತಿರಬೇಕು. ಇದನ್ನು ನಮಗೆ ಕಾಲೇಜಿನಲ್ಲಿ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಅದರಿಂದ ಯಾರಿಗಾದರೂ ಎಷ್ಟು ದೊಡ್ಡ ನಷ್ಟವಾಗಬಹುದಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಬಂದಿಗಳು. ಅವರ ಕೇಸು ಇನ್ನೂ ನಡೆಯುತ್ತಿರುತ್ತದೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ; ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿದ್ದ ಈ ರಕ್ಷಣೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಮುಂದುವರಿದಿದೆ. ಆದರೆ ನೀವು ಪೊಲೀಸರಲ್ಲ. ಬೇರೆಯವರ ಮುಂದೆ ಆಡಿದ ತಪ್ಪೊಪ್ಪಿಗೆಯ ಮಾತನ್ನು ಕೋರ್ಟು ದುರ್ಬಲ ಸಾಕ್ಷ್ಯವೆಂದಾದರೂ ಪರಿಗಣಿಸಬಹುದು. ವಕೀಲರಿಗೆ ಕಕ್ಷಿದಾರ ಹೇಳಿದ್ದಕ್ಕೆ ಇರುವಂಥ ಕಾನೂನಿನ ಗುಟ್ಟು ಆಪ್ತಸಮಾಲೋಚಕರಿಗಿಲ್ಲ. ನಿಮ್ಮನ್ನು ಸಾಕ್ಷಿಕಟ್ಟೆಗೆ ಕರೆಯಬಹುದು, ನಿಮ್ಮ ಫೈಲನ್ನು ತರಿಸಿಕೊಳ್ಳಬಹುದು.

ಆದ್ದರಿಂದ ವಿಚಾರಣಾಧೀನರ ಜೊತೆ ಘಟನೆಯ ವಿವರಕ್ಕೆ ಹೋಗಬೇಡಿ. ಅವರೇ ಶುರುಮಾಡಿದರೂ ಕೈ ಮೇಲೆತ್ತಿ ನಿಲ್ಲಿಸಿ. “ಇದನ್ನು ನಿಮ್ಮ ವಕೀಲರ ಹತ್ತಿರ ಮಾತಾಡಿ. ನನ್ನ ಹತ್ತಿರ ಇವತ್ತಿನ ನಿದ್ದೆ, ಮನೆಯ ಚಿಂತೆ, ಬಾಲ್ಯ, ಕುಡಿತ, ಭಯ ಎಲ್ಲವನ್ನೂ ಮಾತಾಡಿ” ಎಂದು ಹೇಳಿ. ಬದುಕಿನ ಕಥೆಯಲ್ಲಿ ಆ ಒಂದು ದಿನ ಬಿಟ್ಟರೂ ಬೇಕಾದಷ್ಟು ಇರುತ್ತದೆ. ನಾನು ಮುಂದೆ ಹೇಳುವ ಐದನೇ ಹೆಜ್ಜೆ ಸಜಾ ಬಂದಿಗಳಿಗೆ, ಅಂದರೆ ಶಿಕ್ಷೆಯಾದವರಿಗೆ ಮಾತ್ರ, ಅದೂ ಮೇಲ್ಮನವಿ ಇತ್ಯರ್ಥವಾದ ಮೇಲೆ.

ಗುಟ್ಟಿನ ಎಲ್ಲೆಯನ್ನು ಮೊದಲ ದಿನವೇ ಸರಳ ಕನ್ನಡದಲ್ಲಿ ಹೇಳಿಬಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಡುತ್ತದೆ. ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ಜೀವಕ್ಕೆ ಅಪಾಯವಿದ್ದರೆ ಅದೇ ಸೆಕ್ಷನ್ ವಿನಾಯಿತಿಯನ್ನೂ ಹೇಳುತ್ತದೆ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಾದರೆ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ದೂರು ಕೊಡಲೇಬೇಕು. ನಾನು ಹೀಗೆ ಹೇಳುತ್ತೇನೆ: “ನೀವು ಹೇಳಿದ್ದು ನನ್ನ ಹತ್ತಿರ ಇರುತ್ತೆ. ಮೂರು ವಿಷಯ ಮಾತ್ರ ಇಟ್ಟುಕೊಳ್ಳಕ್ಕೆ ಆಗಲ್ಲ. ನಿಮ್ಮ ಜೀವಕ್ಕೆ ಅಪಾಯ, ಬೇರೆಯವರ ಜೀವಕ್ಕೆ ಅಪಾಯ, ಮಗುವಿಗೆ ಅಪಾಯ.” ಮೂರು ಬೆರಳು ಎತ್ತಿ ತೋರಿಸುತ್ತೇನೆ. ವರ್ಷಗಳಾದ ಮೇಲೂ ಕೆಲವರು ಮಾತಿನ ಮಧ್ಯೆ ಬೆರಳೆತ್ತಿ “ಇದು ಮೂರ್ರಲ್ಲಿ ಬರುತ್ತಾ ಮೇಡಂ?” ಎಂದು ಕೇಳಿದ್ದುಂಟು.

ಇನ್ನೊಂದು ಎಲ್ಲೆ ನಿಮ್ಮೊಳಗೇ ಇದೆ. ಸನ್ನಡತೆ ಬಿಡುಗಡೆಗೆ ವರದಿ ಬರೆಯುವವರೂ ಮನಸ್ಸಿನ ಕಥೆ ಕೇಳುವವರೂ ಒಬ್ಬರೇ ಆದರೆ ಕಥೆ ಕೆಡುತ್ತದೆ. ನಿಮಗೆ ಏನು ಕೇಳಬೇಕೋ ಅದನ್ನೇ ಅವರು ಹೇಳತೊಡಗುತ್ತಾರೆ. ಸಾಧ್ಯವಾದರೆ ಎರಡನ್ನೂ ಬೇರೆ ಬೇರೆಯವರು ಮಾಡುವಂತೆ ಸೂಪರಿಂಟೆಂಡೆಂಟರ ಹತ್ತಿರ ಮಾತಾಡಿ. ಆಗದಿದ್ದರೆ ನಿಮ್ಮ ವರದಿಯಲ್ಲಿ ಏನು ಇರುತ್ತದೆ, ಏನು ಇರುವುದಿಲ್ಲ ಎಂದು ಬಂದಿಗೆ ಮೊದಲೇ ಹೇಳಿ.

ಹೆಜ್ಜೆ 2: ‘ನೀವು’ ಅನ್ನಿ, ಮೈಮನಸ್ಸು ನೋಡಿ

ಒಳಗೆ ಅವರನ್ನು ಏಕವಚನದಲ್ಲಿ ಕರೆಯುವವರೇ ಹೆಚ್ಚು. ನೀವು ‘ನೀವು’ ಅನ್ನಿ. ಬಂದಿಯ ಸಂಖ್ಯೆ ಹೇಳಿ ಕರೆಸಬೇಡಿ, ಹೆಸರು ಹೇಳಿ ಕರೆಸಿ. ಇದು ಬರಿಯ ಸೌಜನ್ಯ ಎಂದುಕೊಳ್ಳಬೇಡಿ. ತನ್ನ ಕಥೆಯನ್ನು ಹೇಳಲು ಒಬ್ಬ ‘ನಾನು’ ಬೇಕು, ಆ ‘ನಾನು’ ಎದ್ದು ಕೂರುವುದು ಎದುರಿನವರು ಮರ್ಯಾದೆ ಕೊಟ್ಟಾಗ.

ಮೊದಲ ಎರಡು-ಮೂರು ಭೇಟಿಗಳಲ್ಲಿ ಕಥೆ ಬೇಡ. ನಿಮ್ಹಾನ್ಸ್ ತಂಡ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿತು. ಮಾನಸಿಕ ಕಾಯಿಲೆ ಮತ್ತು ಮದ್ಯ, ತಂಬಾಕು, ಮಾದಕ ವಸ್ತುಗಳ ಚಟ ಅಲ್ಲಿ ಎಷ್ಟು ವ್ಯಾಪಕ ಎಂಬುದು ಅದರಿಂದ ಗೊತ್ತಾಯಿತು. ಹಾಗಾಗಿ ಮೊದಲು ನಿದ್ದೆ, ಊಟ, ಕೈನಡುಕ, ಕಿವಿಯಲ್ಲಿ ದನಿ ಕೇಳುವುದು, ಸಾಯುವ ಯೋಚನೆ ಇವನ್ನೆಲ್ಲ ಕೇಳಿ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ದನಿ ಕೇಳುತ್ತಿರುವವರನ್ನು, ತೀವ್ರ ಖಿನ್ನತೆಯಲ್ಲಿ ಮುಳುಗಿದವರನ್ನು, ಕುಡಿತ ನಿಂತು ಒಂದು ವಾರವೂ ಆಗದವರನ್ನು ಮೊದಲು ವೈದ್ಯರ ಹತ್ತಿರ ಕಳಿಸಿ. ಕಥೆ ಕಾಯುತ್ತದೆ.

ಹೆಜ್ಜೆ 3: ಗೆರೆ, ಅವರೆಕಾಳು, ಹುಣಸೆಬೀಜ, ಪೊರಕೆಕಡ್ಡಿ

ಡ್ಯಾನ್ ಮ್ಯಾಕ್‌ಆಡಮ್ಸ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಜೀವನಕಥೆಯ ಸಂದರ್ಶನಕ್ಕೆ ಒಂದು ಕ್ರಮ ಹಾಕಿಕೊಟ್ಟಿದ್ದಾರೆ. ಬದುಕನ್ನು ಅಧ್ಯಾಯಗಳಾಗಿ ಮಾಡಿ ಪ್ರತಿಯೊಂದಕ್ಕೂ ಹೆಸರಿಡುವುದು, ಆಮೇಲೆ ಅತ್ಯಂತ ಒಳ್ಳೆಯ ಗಳಿಗೆ, ಅತ್ಯಂತ ಕೆಟ್ಟ ಗಳಿಗೆ, ತಿರುವು ಇವನ್ನು ಕೇಳುವುದು. ಚೆನ್ನಾದ ಕ್ರಮ. ಆದರೆ ‘ನಿಮ್ಮ ಬದುಕು ಒಂದು ಪುಸ್ತಕವಾಗಿದ್ದರೆ’ ಎಂದು ಶುರುಮಾಡಿದರೆ ಶಾಲೆಯ ಮುಖ ನೋಡದವರು ಅಲ್ಲೇ ಮುದುಡಿಕೊಳ್ಳುತ್ತಾರೆ.

ಜರ್ಮನಿಯ ಕಾನ್‌ಸ್ಟಾನ್ಸ್‌ನ ತಂಡವೊಂದು ಯುದ್ಧ ಕಂಡವರಿಗಾಗಿ ರೂಪಿಸಿದ ಚಿಕಿತ್ಸೆಯಲ್ಲಿ ನೆಲದ ಮೇಲೆ ಹಗ್ಗ ಹಾಸಿ, ಒಳ್ಳೆಯದಕ್ಕೆ ಹೂವು, ನೋವಿಗೆ ಕಲ್ಲು ಇಡಿಸುತ್ತಾರೆ. ಕಾಂಗೋದಲ್ಲಿ ಬಂದೂಕು ಹಿಡಿದಿದ್ದ ಯುವಕರ ಜೊತೆ ಮಾಡಿದಾಗ ಅವರು ಇನ್ನೊಬ್ಬರ ಮೇಲೆ ಮಾಡಿದ ಹಿಂಸೆಗೂ ಆ ಹಗ್ಗದ ಮೇಲೆ ಜಾಗ ಕೊಟ್ಟರು. ಜೈಲಿನೊಳಗೆ ಹಗ್ಗವನ್ನೂ ಕಲ್ಲನ್ನೂ ಬಿಡುವುದಿಲ್ಲ, ಬಿಡಬಾರದು ಕೂಡ. ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತೇನೆ. ಒಂದು ಪೊಟ್ಟಣದಲ್ಲಿ ಅವರೆಕಾಳು, ಇನ್ನೊಂದರಲ್ಲಿ ಹುಣಸೆಬೀಜ, ಜೊತೆಗೆ ಪೊರಕೆಯಿಂದ ಮುರಿದ ನಾಲ್ಕು ಬೆರಳಗಲದ ಕಡ್ಡಿಗಳು. ಮನಸ್ಸಿಗೆ ಹಿತವಾದದ್ದಕ್ಕೆ ಅವರೆಕಾಳು. ನಿಮಗಾದ ನೋವಿಗೆ ಹುಣಸೆಬೀಜ. ನಿಮ್ಮಿಂದ ಇನ್ನೊಬ್ಬರಿಗಾದ ನೋವಿಗೆ ಕಡ್ಡಿ.

ಕಡ್ಡಿಯನ್ನು ಕೊನೆಗೆ ಕೊಡಿ, ಬೀಜಗಳನ್ನು ಮೊದಲು ಕೊಡಿ. ಎಣಿಸಬೇಡಿ, ಅವಸರ ಮಾಡಬೇಡಿ. ಪಕ್ಕದಲ್ಲಿ ನೀವೂ ನೆಲದ ಮೇಲೇ ಕೂತಿರಿ. ಮುಗಿದ ಮೇಲೆ ಗೆರೆಯ ಆ ತುದಿಯಿಂದ ಈ ತುದಿಗೆ ಬೆರಳಿಟ್ಟು ಒಂದೊಂದನ್ನೇ ಕೇಳಿ: “ಇದು ಏನು? ಆಗ ನಿಮಗೆ ಎಷ್ಟು ವಯಸ್ಸು? ಮನೇಲಿ ಯಾರಿದ್ರು?”

ತಮ್ಮನನ್ನು ಕೊಂದು ಜೀವಾವಧಿ ಶಿಕ್ಷೆಯಲ್ಲಿದ್ದ ಐವತ್ತು ದಾಟಿದ ರೈತರೊಬ್ಬರು ಮೊದಲ ದಿನ ಹನ್ನೊಂದು ಹುಣಸೆಬೀಜ ಇಟ್ಟರು, ಒಂದು ಕಡ್ಡಿಯನ್ನೂ ಮುಟ್ಟಲಿಲ್ಲ. ಗೆರೆಯ ಶುರುವಿನಲ್ಲಿ ಒಂದೇ ಒಂದು ಅವರೆಕಾಳು ಇತ್ತು. ಕೇಳಿದೆ. “ತಮ್ಮನ್ನ ಹೆಗಲ ಮೇಲೆ ಕೂರಿಸ್ಕೊಂಡು ಜಾತ್ರೆಗೆ ಹೋಗಿದ್ದು” ಅಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ‘ತಮ್ಮ’ ಎಂಬ ಪದ ಬಂದಿರಲಿಲ್ಲ. ಘಟನೆಯ ಬಗ್ಗೆ ಮಾತಾಡುವಾಗಲೆಲ್ಲ ‘ಮೃತ’ ಎನ್ನುತ್ತಿದ್ದರು.

ಹೆಜ್ಜೆ 4: ಭಾಷೆ ಯಾರದು ಎಂದು ಕೇಳಿಸಿಕೊಳ್ಳಿ

ಈ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯ ಅನಿಸುವುದು ಈ ಹೆಜ್ಜೆ. ಮಿಕ್ಕ ತಂತ್ರಗಳನ್ನೆಲ್ಲ ಮರೆತರೂ ಇದೊಂದನ್ನು ಹಿಡಿದುಕೊಳ್ಳಿ.

‘ಮೃತ’ ಯಾರ ಮಾತು? ಆರೋಪಪಟ್ಟಿಯದು. ‘ಸದರಿ ದಿನ’, ‘ಮಾತಿಗೆ ಮಾತು ಬೆಳೆದು’, ‘ಎ-ಒನ್ ಆರೋಪಿ’ ಇವೂ ಅಷ್ಟೇ. ವರ್ಷಗಟ್ಟಲೆ ಕೋರ್ಟಿನಲ್ಲಿ ನಿಂತು ನಿಂತು ಬಂದಿಯ ಬಾಯಿಗೆ ಬಂದ ಕಥೆ ಪೊಲೀಸರು ಬರೆದದ್ದು, ವಕೀಲರು ತಿದ್ದಿದ್ದು, ಬ್ಯಾರಕ್ಕಿನ ಹಳಬರು ಹೇಳಿಕೊಟ್ಟದ್ದು. ‘ನಂದು ತ್ರೀ ನಾಟ್ ಟೂ’ ಎಂದು ಸೆಕ್ಷನ್ನಿನಲ್ಲೇ ಪರಿಚಯ ಹೇಳಿಕೊಳ್ಳುತ್ತಾರೆ. ಐಪಿಸಿ ಹೋಗಿ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ 103 ಬಂದರೂ ಹಳಬರ ನಾಲಗೆಯಲ್ಲಿ ಅದೇ ಇದೆ. ಇಂಗ್ಲೆಂಡಿನ ಬ್ರಾಡ್‌ಮೂರ್ ಎಂಬ ಭದ್ರತಾ ಆಸ್ಪತ್ರೆಯಲ್ಲಿ ಕೊಲೆ ಮಾಡಿದವರ ಗುಂಪು ಚಿಕಿತ್ಸೆ ನಡೆಸಿದ ಮನೋವೈದ್ಯೆ ಗ್ವೆನ್ ಆಡ್ಸ್‌ಹೆಡ್ ಶುರುವಿನ ಇಂಥ ಕಥೆಗಳನ್ನು ಹೊದಿಕೆಯ ಹಾಗೆ ನೋಡುತ್ತಾರೆ. ಹೊದಿಕೆ ಕಿತ್ತರೆ ಒಳಗಿರುವವರಿಗೆ ಚಳಿಯಾಗುತ್ತದೆ. ಬೆಚ್ಚಗಾದ ಮೇಲೆ ಅವರೇ ಸರಿಸುತ್ತಾರೆ.

ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಜಾ 1957ರಲ್ಲಿ ಅಪರಾಧಿಗಳು ತಪ್ಪಿನ ಭಾರ ಇಳಿಸಿಕೊಳ್ಳುವ ಐದು ಬಗೆಗಳನ್ನು ಗುರುತಿಸಿದರು. ನಮ್ಮ ಜೈಲಿನ ಕನ್ನಡದಲ್ಲಿ ಅವು ಹೀಗೆ ಕೇಳಿಸುತ್ತವೆ. “ಕುಡಿದಿದ್ದೆ, ಗ್ರಹಚಾರ ಕೆಟ್ಟಿತ್ತು”: ನನ್ನ ಹೊಣೆಯಿಲ್ಲ. “ಹಾಕಿದ್ದು ಒಂದೇ ಏಟು, ಆಸ್ಪತ್ರೆಗೆ ಹೋಗೋದು ಲೇಟಾಯ್ತು”: ನಾನು ಮಾಡಿದ ಹಾನಿ ಅಷ್ಟು ದೊಡ್ಡದಲ್ಲ. “ಅವನೇನು ಸಾಚಾನಾ?”: ಅವನಿಗೆ ಅದು ಆಗಬೇಕಾದ್ದೇ. “ದುಡ್ಡಿದ್ದೋರೆಲ್ಲ ಹೊರಗಿದ್ದಾರೆ”: ನನ್ನನ್ನು ಕೇಳುವ ಯೋಗ್ಯತೆ ಯಾರಿಗಿದೆ? “ಅಕ್ಕನ ಮರ್ಯಾದೆ ಪ್ರಶ್ನೆ ಮೇಡಂ”: ನಾನು ಮಾಡಿದ್ದು ಮನೆಗಾಗಿ. ಮರ್ಯಾದೆಯ ಹೆಸರಿನ ಈ ಕೊನೆಯದು ನಮ್ಮಲ್ಲಿ ಎಲ್ಲಕ್ಕಿಂತ ಗಟ್ಟಿ, ಏಕೆಂದರೆ ಹೊರಗಿನ ಊರೂ ಅದನ್ನು ಹೌದೆನ್ನುತ್ತದೆ.

ಇವನ್ನು ಕೇಳಿದ ಕೂಡಲೇ ಕೈಯಲ್ಲಿ ಕೆಂಪು ಪೆನ್ನು ಹಿಡಿಯಬೇಡಿ. ಮರೂನಾ ಮತ್ತು ರೂತ್ ಮ್ಯಾನ್ 2006ರಲ್ಲಿ ಬರೆದ ಲೇಖನ ನನ್ನ ಕಣ್ಣು ತೆರೆಸಿತು: ತಪ್ಪು ಮಾಡಿದ ಮೇಲೆ ನೆಪ ಹೇಳುವುದು ಎಲ್ಲ ಮನುಷ್ಯರೂ ಮಾಡುವ ಕೆಲಸ, ಅದನ್ನೇ ಕಾಯಿಲೆ ಎಂದುಕೊಂಡು ಚಿಕಿತ್ಸೆಯನ್ನೆಲ್ಲ ಅದರ ಮೇಲೆ ಸುರಿಯಬಾರದು ಎಂಬುದು ಅವರ ವಾದ. ಕೆನಡಾದ ಕಾರ್ಲ್ ಹ್ಯಾನ್ಸನ್ ಮತ್ತು ಮೋನಿಕ್ ಬುಸ್ಸಿಯೇರ್ 1998ರಲ್ಲಿ ಲೈಂಗಿಕ ಅಪರಾಧಿಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಅಪರಾಧವನ್ನು ನಿರಾಕರಿಸುವುದಕ್ಕೂ ಮತ್ತೆ ಅದೇ ಅಪರಾಧ ಮಾಡುವುದಕ್ಕೂ ನಂಟು ಸಿಗಲಿಲ್ಲ. ನೆಪವನ್ನು ನಾನೀಗ ನಾಚಿಕೆಯ ಗುರುತಾಗಿ ಕೇಳಿಸಿಕೊಳ್ಳುತ್ತೇನೆ. ನಾಚಿಕೆ ಇದ್ದಲ್ಲಿ ಕೆಲಸಕ್ಕೆ ಜಾಗ ಇದೆ.

ಹಾಗಾದರೆ ಮಾಡಬೇಕಾದ್ದೇನು? ನೆಪದ ಜೊತೆ ವಾದಕ್ಕಿಳಿಯದೆ ಅದರ ಪಕ್ಕದಲ್ಲಿ ಒಂದು ಸಣ್ಣ ಪ್ರಶ್ನೆ ಇಡಿ. “ಸಿಟ್ಟು ಬಂತು” ಎಂದರೆ “ಬಂದಾಗ ನೀವು ಏನು ಮಾಡಿದ್ರಿ?” ಎಂದು ಕೇಳಿ. ಕನ್ನಡದಲ್ಲಿ ಸಿಟ್ಟು ನಮಗೆ ಬರುತ್ತದೆ, ನಾವು ಅದನ್ನು ಮಾಡುವುದಿಲ್ಲ. ಭಾಷೆಯೇ ಹಾಗಿದೆ, ಅದು ಅವರ ಕಳ್ಳಾಟವಲ್ಲ. ಆದರೆ ಬಂದ ಸಿಟ್ಟಿನ ಜೊತೆ ಏನು ಮಾಡಿದೆ ಎಂಬುದಕ್ಕೆ ಕರ್ತೃ ಬೇಕೇ ಬೇಕು. ಆಸ್ಟ್ರೇಲಿಯಾದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ಕಟ್ಟಿದ ಕಥನ ಚಿಕಿತ್ಸೆಯಲ್ಲಿ ಸಮಸ್ಯೆಯನ್ನು ಮನುಷ್ಯನಿಂದ ಬೇರೆಯಾಗಿಸಿ ಮಾತಾಡುತ್ತಾರೆ: ಸಿಟ್ಟು ಯಾವಾಗ ಬರುತ್ತದೆ, ನಿಮ್ಮಿಂದ ಏನು ಮಾಡಿಸುತ್ತದೆ, ನೀವು ಅದರ ಮಾತು ಕೇಳದೇ ಇದ್ದ ದಿನ ಯಾವುದು. ಹಿಂಸೆ ಮಾಡಿದವರ ಜೊತೆ ಈ ದಾರಿಯಲ್ಲಿ ಹೋಗುವಾಗ ಎಚ್ಚರ ಬೇಕು. ‘ಸಿಟ್ಟೇ ಮಾಡಿಸಿತು’ ಎಂಬಲ್ಲಿಗೆ ನಿಲ್ಲಿಸಿದರೆ ನೀವೇ ಅವರಿಗೊಂದು ಹೊಸ ನೆಪ ಕೊಟ್ಟಂತಾಗುತ್ತದೆ. ಕೊನೆಯ ಪ್ರಶ್ನೆ, ಅಂದರೆ ಸಿಟ್ಟಿನ ಮಾತು ಕೇಳದ ದಿನದ ಪ್ರಶ್ನೆ, ಅದೇ ಮುಖ್ಯ. ಒಂದು ಸಲ ಬೇಡ ಎಂದವರಿಗೆ ಆಯ್ಕೆ ಇತ್ತು ಎಂದು ಅವರ ಕಥೆಯೇ ಹೇಳುತ್ತದೆ.

ಹೆಜ್ಜೆ 5: ಆ ದಿನವನ್ನು ನಿಧಾನವಾಗಿ ನಡೆಯಿರಿ

ಶಿಕ್ಷೆ ಖಾಯಂ ಆಗಿ, ಮೇಲ್ಮನವಿ ಮುಗಿದು, ನಿದ್ದೆ ಊಟ ಒಂದು ಹದಕ್ಕೆ ಬಂದು, ಅವರಾಗಿಯೇ “ಹೇಳ್ಬೇಕು ಮೇಡಂ” ಅಂದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ನಾನು ಹೇಳಿದ ರೈತರಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಬೆಳಗಿನ ಹೊತ್ತು ಆರಿಸಿಕೊಳ್ಳಿ. ಸಂಜೆ ಕೂತರೆ ಮಾತು ಅರ್ಧದಲ್ಲಿರುವಾಗಲೇ ಬ್ಯಾರಕ್ಕಿಗೆ ಬೀಗ ಬೀಳುತ್ತದೆ, ರಾತ್ರಿಯೆಲ್ಲ ಅವರು ಅದರ ಜೊತೆ ಒಬ್ಬರೇ.

ಘಟನೆಯಿಂದ ಶುರುಮಾಡಬೇಡಿ. ಅವತ್ತು ಎದ್ದ ಗಳಿಗೆಯಿಂದ ಶುರುಮಾಡಿ. ‘ಯಾಕೆ’ ಎಂದು ಕೇಳಬೇಡಿ. ‘ಯಾಕೆ’ಗೆ ಕೋರ್ಟಿನ ಉತ್ತರ ಸಿದ್ಧವಾಗಿರುತ್ತದೆ. ಎಲ್ಲಿ, ಏನು, ಆಮೇಲೆ, ಕೈಯಲ್ಲಿ ಏನಿತ್ತು, ಯಾರು ಕಂಡರು ಇಷ್ಟೇ ಕೇಳಿ.

“ಎದ್ದಾಗ ಬೆಳಕಾಗಿತ್ತಾ?”

“ಇನ್ನೂ ಕತ್ಲೆ. ದನಕ್ಕೆ ಹುಲ್ಲಾಕ್ದೆ.”

“ಆಮೇಲೆ?”

“ಬದಿನ ತಾವ್ಕೆ ಹೋದೆ. ಗಡಿಕಲ್ಲು ಕಿತ್ತಾಕಿದ್ದ.”

“ಆಗ ನಿಮ್ಮ ಕೈಯಲ್ಲಿ ಏನಿತ್ತು?”

“ಏನೂ ಇರ್ಲಿಲ್ಲ.”

ಇಲ್ಲಿ ಅವರು ನಿಂತರು. ಇಷ್ಟು ವರ್ಷ ಅವರು ಹೇಳುತ್ತಾ ಬಂದದ್ದು ‘ಕೈಗೆ ಮಚ್ಚು ಸಿಕ್ತು’ ಎಂದು. ನಾನು ಸುಮ್ಮನಿದ್ದೆ. ಹೊರಗೆ ಯಾರೋ ಬಕೆಟ್ ಎಳೆದುಕೊಂಡು ಹೋದ ಸದ್ದು.

“ಮನೆಗೆ ಹೋದೆ. ಸೂರಿಗೆ ಸಿಕ್ಕಿಸಿತ್ತು. ತಗೊಂಡೆ.”

“ಬದಿನಿಂದ ಮನೆಗೆ ಎಷ್ಟು ದೂರ?”

“ಒಂದು ಬೀಡಿ ಸೇದೋ ಅಷ್ಟು.”

“ದಾರೀಲಿ ಯಾರಾದ್ರೂ ಸಿಕ್ಕಿದ್ರಾ?”

“ಅವ್ವ ಬಾಗ್ಲಲ್ಲಿ ಕೂತಿತ್ತು. ಎಲ್ಲಿಗ್ಲಾ ಅಂತು. ಎಳನೀರು ಕೆಡವಕ್ಕೆ ಅಂದೆ.”

ಆ ಮಾತು ಹೇಳಿದ ಮೇಲೆ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ‘ಸಿಕ್ತು’ ಹೋಗಿ ‘ತಗೊಂಡೆ’ ಬಂದಿತ್ತು. ಬದುವಿಗೂ ಮನೆಗೂ ನಡುವಿನ ಆ ಒಂದು ಬೀಡಿಯ ದಾರಿ, ತಾಯಿಗೆ ಹೇಳಿದ ಆ ಸುಳ್ಳು, ಎರಡೂ ಅಲ್ಲಿಯವರೆಗೆ ಅವರ ಕಥೆಯಲ್ಲೇ ಇರಲಿಲ್ಲ. ತಿರುಗಿಬಿಡಬಹುದಾಗಿದ್ದ ಜಾಗಗಳು ಅವು. ಅವರಿಗೆ ಅದನ್ನು ನಾನು ಹೇಳಬೇಕಾಗಲಿಲ್ಲ.

ಇಂಥ ಭೇಟಿಯ ಕೊನೆಯ ಕಾಲುಗಂಟೆಯನ್ನು ಖಾಲಿ ಇಟ್ಟುಕೊಳ್ಳಿ. ನೀರು ಕುಡಿಸಿ, ಇವತ್ತಿಗೆ ವಾಪಸ್ ಕರೆತನ್ನಿ: ಈಗ ಗಂಟೆ ಎಷ್ಟು, ಮಧ್ಯಾಹ್ನ ಊಟಕ್ಕೇನು, ಪಕ್ಕದಲ್ಲಿ ಮಲಗುವವರು ಯಾರು. ಮುಂದಿನ ಒಂದು ವಾರ ಅವರ ಮೇಲೆ ಕಣ್ಣಿರಲಿ. ತಾನು ಮಾಡಿದ್ದು ಮೊದಲ ಸಲ ಪೂರ್ತಿ ಕಂಡಾಗ ಬದುಕುವುದೇ ಬೇಡ ಅನಿಸಬಹುದು. ಮಾತಿನ ವಿವರ ಬಿಟ್ಟುಕೊಡದೆ, ‘ಇವರನ್ನು ಈ ವಾರ ಒಂಟಿಯಾಗಿ ಬಿಡಬೇಡಿ’ ಎಂದು ವೈದ್ಯಾಧಿಕಾರಿಗೆ ತಿಳಿಸುವುದು ನಿಮ್ಮ ಕರ್ತವ್ಯ.

ಇದನ್ನು ಗುಂಪಿನಲ್ಲಿ ಮಾಡಬಹುದೇ ಎಂದು ಅನೇಕರು ಕೇಳುತ್ತಾರೆ. ಇಂಗ್ಲೆಂಡಿನ ಗ್ರೆಂಡನ್ ಜೈಲಿನಲ್ಲಿ 1962ರಿಂದ ಇಡೀ ಜೈಲೇ ಚಿಕಿತ್ಸಾ ಸಮುದಾಯವಾಗಿ ನಡೆಯುತ್ತಿದೆ. ಅಲ್ಲಿ ಸಣ್ಣ ಗುಂಪುಗಳಲ್ಲಿ ಒಬ್ಬರ ಅಪರಾಧವನ್ನು ಒಬ್ಬರು ಕೇಳುತ್ತಾರೆ, ಪ್ರಶ್ನಿಸುತ್ತಾರೆ. ನಮ್ಮಲ್ಲಿ ಬೆಳಿಗ್ಗೆ ಗುಂಪಿನಲ್ಲಿ ಹೇಳಿದ್ದು ಸಂಜೆ ಹೊತ್ತಿಗೆ ಎಲ್ಲ ಬ್ಯಾರಕ್ಕಿಗೂ ಗೊತ್ತಾಗಿರುತ್ತದೆ. ಗುಂಪಿನಲ್ಲಿ ಬಾಲ್ಯ, ಕುಡಿತ, ಸಿಟ್ಟು, ಮನೆಗೆ ಕಾಗದ ಬರೆಯುವುದು ಇವನ್ನು ಮಾತಾಡಿಸಿ. ಆ ದಿನದ ಕಥೆ ಮುಚ್ಚಿದ ಕೋಣೆಯಲ್ಲೇ ಇರಲಿ.

ಹೆಜ್ಜೆ 6: ಎದುರಿನವರನ್ನು ಕಥೆಯೊಳಗೆ ಕರೆತನ್ನಿ

‘ತಗೊಂಡೆ’ ಬಂದ ಮೇಲೆ ನಿಧಾನಕ್ಕೆ ‘ತಮ್ಮ’ನೂ ಬರುತ್ತಾನೆ. ಅವನಿಗೆ ಏನು ಇಷ್ಟವಿತ್ತು, ಹೇಗೆ ನಗುತ್ತಿದ್ದ, ಅವನ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಿ. ಸತ್ತವರ ಮನೆಯವರಿಗೆ ಕಾಗದ ಬರೆಸಬಹುದು. ಬರೆಯಲು ಬಾರದಿದ್ದರೆ ಹೇಳಿಸಿ ನೀವು ಬರೆದುಕೊಳ್ಳಬಹುದು. ಆದರೆ ಆ ಕಾಗದವನ್ನು ಕಳಿಸಬಾರದು. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಬಂದಿಯ ಮನಸ್ಸು ಹಗುರವಾಗಲೆಂದು ನೊಂದ ಮನೆಯ ಬಾಗಿಲು ಬಡಿಯುವ ಹಕ್ಕು ನಮಗೂ ಇಲ್ಲ, ಅವರಿಗೂ ಇಲ್ಲ. ನೊಂದ ಮನೆಯವರೇ ಕೇಳಿದರೆ ಆ ಮಾತು ಬೇರೆ.

ಈ ಘಟ್ಟದಲ್ಲಿ ನಾನು ಅಂಗುಲಿಮಾಲನ ಕಥೆ ಹೇಳುವುದುಂಟು. ಎಲ್ಲರಿಗೂ ಗೊತ್ತಿರುವುದು ಅರ್ಧ ಕಥೆ: ಬೆರಳಿನ ಮಾಲೆ ಧರಿಸಿದ ಕೊಲೆಗಡುಕ ಬುದ್ಧನನ್ನು ಕಂಡು ಭಿಕ್ಷುವಾದ. ಉಳಿದರ್ಧದಲ್ಲಿ ಅವನು ಭಿಕ್ಷೆಗೆ ಹೋದಾಗ ಜನ ಕಲ್ಲು, ಕೋಲು ಎಸೆಯುತ್ತಾರೆ. ತಲೆಯಿಂದ ರಕ್ತ ಸುರಿಸಿಕೊಂಡು, ಒಡೆದ ಪಾತ್ರೆ ಹಿಡಿದು ಅವನು ವಾಪಸ್ ಬರುತ್ತಾನೆ. ಬುದ್ಧ ಜನರನ್ನು ಬೈಯುವುದಿಲ್ಲ, ತಾಳಿಕೋ ಎನ್ನುತ್ತಾನೆ. ನಾನು ಬದಲಾದೆ ಎಂದ ಮಾತ್ರಕ್ಕೆ ಅವರು ಮರೆಯಬೇಕಿಲ್ಲ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ನನಗೆ ಬಾರದು. ಬ್ರಿಟನ್ನಿನ ಜೈಲುಗಳಲ್ಲಿ ಬೌದ್ಧರು ನಡೆಸುವ ಸೇವೆಗೆ 1985ರಲ್ಲಿ ಅಂಗುಲಿಮಾಲನ ಹೆಸರನ್ನೇ ಇಟ್ಟಿದ್ದಾರೆ.

ಹೆಂಗಸರ ಬ್ಯಾರಕ್ಕಿನಲ್ಲಿ ಈ ಹೆಜ್ಜೆ ತಲೆಕೆಳಗಾಗಬಹುದು. ಹತ್ತು ವರ್ಷ ಹೊಡೆಸಿಕೊಂಡು ಒಂದು ದಿನ ತಿರುಗಿ ಹೊಡೆದ ಹೆಣ್ಣಿನ ಗೆರೆಯ ಮೇಲೆ ಹುಣಸೆಬೀಜ ಎಷ್ಟು, ಕಡ್ಡಿ ಎಷ್ಟು ನೋಡಿ. ಅಲ್ಲಿ ಕೆಲವರು ‘ಎಲ್ಲ ನಾನೇ ಮಾಡಿದ್ದು, ನಾನೇ ಪಾಪಿ’ ಎಂದು ತಮ್ಮದಲ್ಲದ ಹೊಣೆಯನ್ನೂ ಹೊತ್ತುಕೊಂಡಿರುತ್ತಾರೆ. ಅವರ ವಿಷಯದಲ್ಲಿ ಕೆಲಸ ‘ಮಾಡಿದೆ’ಯಿಂದ ಶುರುವಾಗಿ, ‘ನನಗೆ ಮಾಡಿದರು’ ಎಂಬುದನ್ನು ಹೇಳಲು ಕಲಿಯುವ ಕಡೆಗೆ ಹೋಗುತ್ತದೆ.

ಹೆಜ್ಜೆ 7: ಹೊಳೆಯುವ ಕಥೆಯನ್ನು ಮುಟ್ಟಿ ನೋಡಿ

ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಹತ್ತಿರ ಬಂದಾಗ, ಸನ್ನಡತೆ ಪಟ್ಟಿಯ ಮಾತು ಎದ್ದಾಗ, “ನಾನೀಗ ಹೊಸ ಮನುಷ್ಯ ಮೇಡಂ” ಎಂಬ ಕಥೆಗಳು ಹೆಚ್ಚುತ್ತವೆ. ಸುಳ್ಳು ಎಂದು ತಳ್ಳಿಹಾಕಬೇಡಿ, ನಿಜ ಎಂದು ಅಪ್ಪಿಕೊಳ್ಳಲೂಬೇಡಿ. ನಿನ್ನೆಯದನ್ನು ಕೇಳಿ. ನಿನ್ನೆ ಬ್ಯಾರಕ್ಕಿನಲ್ಲಿ ಯಾರ ಮೇಲೆ ಸಿಟ್ಟು ಬಂತು, ಏನು ಮಾಡಿದಿರಿ? ಕೂಲಿ ಹಣದಲ್ಲಿ ಮನೆಗೆ ಎಷ್ಟು ಕಳಿಸಿದಿರಿ? ಹೊಸಬನಿಗೆ ಜಾಗ ಬಿಟ್ಟುಕೊಟ್ಟವರು ಯಾರು? ಬದಲಾದವರ ಕಥೆಯಲ್ಲಿ ಸಣ್ಣ ಸಣ್ಣ ವಿವರ ಇರುತ್ತದೆ, ಸೋತ ದಿನಗಳೂ ಇರುತ್ತವೆ. ಬರಿಯ ಗೆಲುವೇ ಇರುವ ಕಥೆಯಲ್ಲಿ ಇನ್ನೂ ಕೆಲಸ ಬಾಕಿ ಇದೆ.

ನಿಮ್ಮನ್ನು ಮೆಚ್ಚಿಸಲೆಂದೇ ಕಥೆ ಹೆಣೆಯುವವರೂ ಸಿಗುತ್ತಾರೆ. ಬೇರೆಯವರ ನೋವು ತಟ್ಟದ, ನಿಮ್ಮ ಭಾಷೆಯನ್ನೇ ಕಲಿತು ನಿಮಗೇ ಒಪ್ಪಿಸುವ ಕೆಲವರಿಗೆ ಈ ವಿಧಾನ ಪ್ರಯೋಜನವಾಗುವುದಿಲ್ಲ. ಅನುಮಾನ ಬಂದರೆ ಒಬ್ಬರೇ ತೀರ್ಮಾನಿಸದೆ ಮನೋವೈದ್ಯರ ಜೊತೆ ಕೂತು ಮಾತಾಡಿ.

ಫೈಲಿನಲ್ಲಿ ಕಡಿಮೆ ಬರೆಯಿರಿ: ದಿನಾಂಕ, ಅಪಾಯದ ಅಂದಾಜು, ಕೆಲಸ ಯಾವ ಹಂತದಲ್ಲಿದೆ. ಕಥೆ ಬರೆಯಬೇಡಿ. ಗೆರೆಯನ್ನು ಪ್ರತಿ ಸಲ ಒದ್ದೆ ಬಟ್ಟೆಯಲ್ಲಿ ಅವರ ಕೈಯಿಂದಲೇ ಒರೆಸಿಸಿ. ನಿಮ್ಮ ನಿದ್ದೆಯನ್ನೂ ನೋಡಿಕೊಳ್ಳಿ. ಬೇರೆಯವರ ಆ ದಿನಗಳು ನಿಮ್ಮ ಕನಸಿಗೆ ಬರತೊಡಗಿದರೆ ಅದು ದೌರ್ಬಲ್ಯವಲ್ಲ. ಹಿರಿಯ ಸಹೋದ್ಯೋಗಿಯ ಹತ್ತಿರ ತಿಂಗಳಿಗೆ ಎರಡು ಸಲವಾದರೂ ಹೋಗಿ ಕೂತು ಮಾತಾಡಲೇಬೇಕಾದ ಕೆಲಸ ಇದು.

ಹೆಜ್ಜೆ 8: ಹೊರಗೆ ಹೇಳುವ ಕಥೆಯನ್ನು ಒಳಗೇ ಅಭ್ಯಾಸ ಮಾಡಿಸಿ

ಪೆರೋಲಿಗೋ ಬಿಡುಗಡೆಗೋ ಮೂರು ತಿಂಗಳಿರುವಾಗ ಇದನ್ನು ಶುರುಮಾಡಿ. ಒಳಗೆ ನೀವು ಕೇಳಿದಿರಿ, ಹೊರಗೆ ಕೇಳುವವರು ಬೇರೆ. ಅವರೆಲ್ಲರಿಗೂ ಇಡೀ ಕಥೆ ಹೇಳಬೇಕಾಗಿಲ್ಲ, ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ನಾನು ಮೂವರನ್ನು ಎದುರಿಗೆ ಕೂರಿಸುತ್ತೇನೆ, ಅಂದರೆ ಆ ಮೂವರ ಪಾತ್ರ ನಾನೇ ಮಾಡುತ್ತೇನೆ.

ಒಬ್ಬರು ಬಸ್ಸಿನಲ್ಲಿ ಪಕ್ಕದ ಸೀಟಿನವರು: “ಎಲ್ಲಿದ್ರಿ ಇಷ್ಟು ದಿನ?” ಇದಕ್ಕೆ “ಊರಲ್ಲಿ ಇರ್ಲಿಲ್ಲ” ಅಷ್ಟೇ ಸಾಕು. ಇನ್ನೊಬ್ಬರು ಕೆಲಸ ಕೊಡುವ ಸಾಹುಕಾರರು. ಅವರಿಗೆ ಮೂರು ವಾಕ್ಯ: ಜೈಲಿಗೆ ಹೋಗಿದ್ದೆ, ಒಳಗೆ ಈ ಕೆಲಸ ಕಲಿತೆ, ನನ್ನ ಬಗ್ಗೆ ಇವರನ್ನು ಕೇಳಬಹುದು. ಬೆವರಿದರೂ ಹತ್ತು ಸಲ ಹೇಳಿಸಿ, ಹನ್ನೊಂದನೆಯ ಸಲಕ್ಕೆ ದನಿಯ ನಡುಕ ನಿಲ್ಲುತ್ತದೆ.

ಮೂರನೆಯವರು ಮನೆಯವರು. ಆ ರೈತರ ತಮ್ಮನಿಗೆ ಒಬ್ಬಳು ಮಗಳಿದ್ದಳು, ಆಗ ನಾಲ್ಕು ವರ್ಷ, ಈಗ ಕಾಲೇಜು. ಅವ್ವ ತೀರಿಕೊಂಡಿದ್ದಾರೆ, ಮನೆಗೆ ಅದೇ ಬಾಗಿಲು. ನಾನು ಕುರ್ಚಿಯಿಂದ ಎದ್ದು ಬಾಗಿಲ ಹತ್ತಿರ ನಿಂತು, ಆ ಹುಡುಗಿಯಾಗಿ, “ದೊಡ್ಡಪ್ಪ, ಅಪ್ಪನ್ನ ಯಾಕೆ...” ಎಂದು ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು.

“ಅವ್ಳು ಕೇಳಿದ್ರೆ ಹೇಳ್ತೀನಿ ಮೇಡಂ. ನಾನೇ ಮಾಡ್ದೆ ಅಂತ. ಕೇಳ್ದೇ ಇದ್ರೆ ಆ ಬೀದೀಲಿ ಓಡಾಡಲ್ಲ.”

ಬದುವಿನ ಆ ಪಾಲನ್ನು ಅವಳ ಹೆಸರಿಗೆ ಮಾಡಿಸಲು ಏನೇನು ಕಾಗದ ಬೇಕೆಂದು ಮುಂದಿನ ವಾರ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಕೇಳಿಬರಲು ಹೇಳಿದರು. ನಾನು ಅದನ್ನು ಬರೆದುಕೊಂಡೆ.